ಎರಡನೆಯ ಉತ್ತರ

ಮಿಲ್ಪಿಟಾಸ್
೧೩ ಅಕ್ಟೋಬರ್ ೨೦೨೪, ಭಾನುವಾರ

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಬೆಳಗಾವಿಯ ಡಾಕ್ಟರು ಬದಲಿಸಿದ ಮಾತ್ರೆ ಒಗ್ಗಿತೆ? ಅವ್ವನ ಮೊಣಕಾಲು ಹೇಗಿದೆ? ಫೋನಿನಲ್ಲಿ ಕೇಳಿದರೆ ನೀವು "ಆರಾಮ ಅದೀನಿ" ಎಂದು ಫೋನನ್ನು ತಮ್ಮ ಗೌತಮನ ಕೈಗೆ ಕೊಟ್ಟುಬಿಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ಈ ಕಾಗದದ ಫೋಟೋ ತೆಗೆದು ಅವನ ಫೋನಿಗೇ ಕಳಿಸುತ್ತೇನೆ, ದೊಡ್ಡದು ಮಾಡಿ ಓದಿಕೊಳ್ಳಿ. ನಮ್ಮ ಇಂದು ಈಗ ಡ್ರೈವಿಂಗ್ ಕಲಿಯುತ್ತಿದ್ದಾಳೆ. ಫ್ರೀವೇ ಹತ್ತುವಾಗ ನಾನು ಉಸಿರು ಹಿಡಿದು ಕೂರುತ್ತೇನೆ, ನಿಮ್ಮ ಮೊಮ್ಮಗಳು ನಗುತ್ತಾಳೆ.

ಇದನ್ನು ಬರೆಯಲು ಕೂತು ಬೆಳಗಿನಿಂದ ನಾಲ್ಕು ಸಲ ಎದ್ದು ಅಡುಗೆಮನೆಗೆ ಹೋಗಿ, ಏನೂ ತರದೆ ಬಂದು ಕೂತೆ. ಮೇ ತಿಂಗಳಲ್ಲಿ ನೀವು ಇಲ್ಲಿದ್ದಾಗ ರಕ್ತದ ಸಕ್ಕರೆ ಅಳೆಯುವ ನಮ್ಮ ಕಂಪನಿಯ ಪಟ್ಟಿಯನ್ನು ನಿಮ್ಮ ತೋಳಿಗೆ ಅಂಟಿಸಿದ್ದೆನಲ್ಲ. ಅದು ಸಕ್ಕರೆಯನ್ನು ನೇರವಾಗಿ ನೋಡುವುದಿಲ್ಲ, ಚರ್ಮದಡಿಯ ಒಂದು ಬೆಳಕನ್ನು ನೋಡುತ್ತದೆ. ಸಕ್ಕರೆ ಇಷ್ಟಿದ್ದರೆ ಬೆಳಕು ಎಷ್ಟು ಎಂಬ ಸೂತ್ರ ನಮ್ಮಲ್ಲಿತ್ತು. ಅದನ್ನು ತಿರುಗಿಸಿ, ಬೆಳಕಿನಿಂದ ಸಕ್ಕರೆ ತಿಳಿಯುವಂತೆ ಮಾಡುವುದು ನನ್ನ ಕೆಲಸ. ಬೀಜಗಣಿತ ಮಾಡುವ ಸಾಫ್ಟ್‌ವೇರಿಗೆ ಕೊಟ್ಟೆ. ಒಂದೇ ಬೆಳಕಿಗೆ ಅದು ಎರಡು ಉತ್ತರ ಕೊಟ್ಟಿತು. ನಾನು ಮೊದಲನೆಯದನ್ನು ಎತ್ತಿಕೊಂಡು ಮುಂದೆ ಹೋದೆ. ನೀವು ಮೊಮ್ಮಗಳ ಜೊತೆ ಹತ್ತಿದ ಗುಡ್ಡ ನೆನಪಿದೆಯೆ? ಎಷ್ಟು ಎತ್ತರದಲ್ಲಿದ್ದೀರಿ ಎಂದಷ್ಟೇ ಹೇಳಿದರೆ ಈಚೆ ಬದಿಯೋ ಆಚೆ ಬದಿಯೋ ಗೊತ್ತಾಗುವುದಿಲ್ಲ. ಸಕ್ಕರೆ ಬಹಳ ಏರಿದರೆ ಈ ಬೆಳಕೂ ಹಾಗೆಯೇ ಮತ್ತೆ ಇಳಿಯುತ್ತದೆ. ಶುಕ್ರವಾರ ಲ್ಯಾಬಿನಲ್ಲಿ ಸಕ್ಕರೆ ಮುನ್ನೂರಿದ್ದ ದ್ರಾವಣವನ್ನು ಪಟ್ಟಿ ನೂರಾ ಮೂವತ್ತು ಎಂದಿತು. ಹಳೆಯ ಫೈಲು ತೆಗೆದು ನೋಡಿದೆ. ಎರಡನೆಯ ಉತ್ತರ ಅಲ್ಲೇ ಇತ್ತು.

ಆಗ ನೀವು ನೆನಪಾದಿರಿ. ಮೇ ತಿಂಗಳ ಒಂದು ಮಧ್ಯಾಹ್ನ ಪಾರ್ಕಿನಲ್ಲಿ ನೀರಿನ ಬಾಟಲಿ ಖಾಲಿ ಮಾಡುತ್ತಲೇ ಇದ್ದಿರಿ. ಪಟ್ಟಿ ನೂರಾ ಮೂವತ್ತು ತೋರಿಸುತ್ತಿದೆ, ಎಲ್ಲ ಸರಿಯಿದೆ ಎಂದೆ. "ಮಷೀನಿಗೆ ಬಾಯಾರಂಗಿಲ್ಲವ್ವ, ನನಗ ಬಾಯಾರಾಕತ್ತೈತಿ" ಎಂದಿರಿ. ಮನೆಗೆ ಬಂದು ಬೆರಳು ಚುಚ್ಚಿ ನೋಡಿ ಮುನ್ನೂರಾ ಎರಡು ಎಂದು ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿರಿ. ಬಾಳೆಹಣ್ಣು ಸುಲಿದ ಕೈ ತೊಳೆಯದೆ ಚುಚ್ಚಿಕೊಂಡಿರಬೇಕು ಎಂದು ನಾನು ಗದರಿದೆ. ನಿಮ್ಮ ಮಾತಿಗಿಂತ ನನ್ನ ಸೂತ್ರ ಹೆಚ್ಚೆಂದು ಅಷ್ಟು ಸುಲಭವಾಗಿ ಹೇಗೆ ನಂಬಿದೆ? ಇಂದುವಿಗೆ ಹೇಳಿದರೆ, "ಸೋ ಅಜ್ಜ ವಾಸ್ ರೈಟ್. ಅಪಾಲಜೈಸ್ ಮಾಡು, ಅಮ್ಮ" ಎಂದು ಮತ್ತೆ ತನ್ನ ಫೋನು ನೋಡಿದಳು.

ಗುರುವಾರ ಈ ಪಟ್ಟಿ ಪ್ರಯೋಗಕ್ಕೆಂದು ಇನ್ನೂರು ಜನರ ತೋಳಿಗೆ ಹೋಗಲಿದೆ. ತಪ್ಪು ಇನ್ನೂ ಯಾರ ಕಣ್ಣಿಗೂ ಬಿದ್ದಿಲ್ಲ. ಎರಡು ದಿನ ಸುಮ್ಮನಿದ್ದೆ ಎಂಬುದನ್ನೂ ನಿಮಗೆ ಹೇಳಿಬಿಡುತ್ತೇನೆ.

ಅವ್ವನಿಗೆ ನನ್ನ ನಮಸ್ಕಾರ. ನಿಮ್ಮ ಕಾಲಿಗೆ ಬಿದ್ದು ಕ್ಷಮೆ ಕೇಳುವ,
ಭುವನಾ

ತಾ.ಕ.: ಈಗಷ್ಟೇ ನಮ್ಮ ಮ್ಯಾನೇಜರ್ ಸುಜಯ್‌ಗೆ ಫೋನು ಮಾಡಿ ಎಲ್ಲ ಹೇಳಿದೆ. "ಲ್ಯಾಬಿನ ಒಂದು ಟೆಸ್ಟಿಗೆ ಯಾರೂ ನಿಲ್ಲಿಸಲ್ಲ ಭುವನಾ, ಮನುಷ್ಯರ ಮೇಲಿನ ರೀಡಿಂಗು ಇದ್ಯಾ?" ಎಂದ. ಇದೆ ಎಂದೆ. ನಿಮ್ಮ ನೋಟ್‌ಬುಕ್ಕಿನ ಮೇ ತಿಂಗಳ ಪುಟದ ಫೋಟೋ ಇವತ್ತೇ ಗೌತಮನ ಕೈಲಿ ಕಳಿಸಿ. ಆ ಮುನ್ನೂರಾ ಎರಡರ ಮೇಲೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದವಳು ನಾನು. ಗೆರೆಯೂ ಕಾಣುವಂತೆ ತೆಗೆಯಲಿ.