ಪ್ರಮೀಳಾಳ ಹಸಿರು ಚುಕ್ಕಿ

ಬಿ.ಸಿ.ರೋಡ್, ಬಂಟ್ವಾಳ
12-1-2025, ಆದಿತ್ಯವಾರ

ಪ್ರೀತಿಯ ಸುಪ್ರೀತಕ್ಕನಿಗೆ,

ನಾನು ಇಲ್ಲಿ ಚೆನ್ನಾಗಿದ್ದೇನೆ. ನಿನ್ನ ಬೆನ್ನುನೋವು ಹೇಗುಂಟು? ಇಡೀ ಮಸ್ಕತ್ತಿನ ರೋಗಿಗಳನ್ನೆಲ್ಲ ನೀನೊಬ್ಬಳೇ ಎತ್ತಿ ಕೂರಿಸಬೇಡ, ಬೇರೆ ನರ್ಸುಗಳೂ ಇದ್ದಾರೆ. ದೀಪಾವಳಿಗೆ ಬರೆಯುತ್ತೇನೆ ಅಂದವಳು ಸಂಕ್ರಾಂತಿಯ ಹತ್ತಿರ ಬರೆಯುತ್ತಿದ್ದೇನೆ, ಬೈಯಬೇಡ. ಫೋನ್ ಇರುವಾಗ ಪತ್ರ ಯಾಕೆ ಅಂತ ಕೇಳುತ್ತೀ. ಫೋನಿನಲ್ಲಿ ನಾವಿಬ್ಬರೂ ಊಟ ಆಯ್ತಾ ಅನ್ನುವುದನ್ನು ದಾಟಿ ಮುಂದೆ ಹೋಗುವುದೇ ಇಲ್ಲವಲ್ಲ. ಅಮ್ಮ ಹೋದ ಮೇಲಂತೂ ನೀನು ಒಂದೇ ಪ್ರಶ್ನೆ ಕೇಳುವುದು, ನಾನು ಒಂದೇ ಉತ್ತರ ಕೊಡುವುದು, ಮತ್ತೆ ನೆಟ್‌ವರ್ಕಿನ ಮೇಲೆ ತಪ್ಪು ಹಾಕಿ ಇಬ್ಬರೂ ಫೋನ್ ಇಡುವುದು.

ಪಾಣೆಮಂಗಳೂರಿನ ಅಜ್ಮಲ್ ಬುಧವಾರ ಮಸ್ಕತ್ತಿಗೆ ವಾಪಸು ಹೊರಟಿದ್ದಾನೆ. ಈ ಪತ್ರವನ್ನೂ ಹಲಸಿನ ಹಪ್ಪಳವನ್ನೂ ಅವನ ಕೈಯಲ್ಲಿ ಕಳಿಸಿದ್ದೇನೆ. ಹಪ್ಪಳ ಸ್ವಲ್ಪ ಮುರಿದಿರಬಹುದು, ರುಚಿ ಮುರಿದಿಲ್ಲ. ಅವನನ್ನು ಬಾಗಿಲಲ್ಲೇ ಕಳಿಸಿಬಿಡಬೇಡ, ಕೂರಿಸಿ ಚಾ ಕೊಡು.

"ಮನೆಯಲ್ಲಿ ಕೂತು ಅದೆಂಥ ಆಫೀಸು ಮಾರಾಯ್ತಿ" ಅಂತ ನೀನು ಕೇಳುತ್ತಲೇ ಇರುತ್ತೀ. ಇವತ್ತು ಸರಿಯಾಗಿ ಹೇಳುತ್ತೇನೆ. ಆನ್‌ಲೈನಿನಲ್ಲಿ ಸೀರೆಯೋ ಮಿಕ್ಸಿಯೋ ತರಿಸಿದವರು ಬಣ್ಣ ಬೇರೆ ಬಂತು, ಮುಚ್ಚಳವೇ ಇಲ್ಲ ಅಂತ ದೂರು ಬರೆಯುತ್ತಾರಲ್ಲ, ಅವರಿಗೆ ಸಮಾಧಾನದ ಉತ್ತರ ಬರೆಯುವುದು ನಮ್ಮ ಕಂಪನಿಯ ಕೆಲಸ. ಬರೆಯುವ ಹೆಂಗಸರು ಕೊಕ್ಕಡ, ಶಿರ್ತಾಡಿ, ಪಾಣೆಮಂಗಳೂರು ಅಂತ ಅವರವರ ಮನೆಯಲ್ಲೇ ಇದ್ದಾರೆ. ಅವರನ್ನೆಲ್ಲ ನೋಡಿಕೊಳ್ಳುವವಳು ನಾನು. ಮುಖ ನೋಡದೆಯೇ ನೋಡಿಕೊಳ್ಳಬೇಕು, ಅದೇ ಕಷ್ಟ.

ನನ್ನ ಮೇಲೆ ಶೋಧನ್ ಸರ್. ಮೂಡುಬಿದಿರೆಯವರು, ಕೂರುವುದು ಮಂಗಳೂರಿನ ಆಫೀಸಿನಲ್ಲಿ. ಪ್ರಾಯ ಸಣ್ಣದು, ಮನುಷ್ಯ ಒಳ್ಳೆಯವರೇ. ಆದರೆ ಮನೆಯಿಂದ ಕೆಲಸ ಮಾಡುವವರು ಒಂಟಿಯಾಗುತ್ತಾರೆ, ಉತ್ಸಾಹ ಇಳಿದು ಕೆಲಸ ನಿಧಾನ ಆಗುತ್ತದೆ ಎಂದು ಅವರಿಗೆ ಎಲ್ಲಿಯೋ ಯಾರೋ ಕಲಿಸಿದ್ದಾರೆ. ಹಾಗಾಗಿ ಶುಕ್ರವಾರ ಸಂಜೆ ಎಲ್ಲರೂ ಕ್ಯಾಮೆರಾ ಹಾಕಿ ಅಂತ್ಯಾಕ್ಷರಿ ಆಡಬೇಕು. ಕೊಕ್ಕಡದವಳ ಹಾಡು ಇಲ್ಲಿ ಮುಟ್ಟುವಾಗ ಶಿರ್ತಾಡಿಯವಳು ಮುಂದಿನ ಹಾಡು ಮುಗಿಸಿರುತ್ತಾಳೆ. ಎತ್ತು ಏರಿಗೆಳೆದರೆ ಕೋಣ ನೀರಿಗೆ. ಒಮ್ಮೆ ಶಿರ್ತಾಡಿಯ ಸಾತ್ವಿಕಾ ಬಹಳ ಗಂಭೀರವಾಗಿ, "ಮೇಡಂ, ನಗುವುದು ಈಗಲಾ ಅಥವಾ ಲಾಸ್ಟಿಗಾ?" ಅಂತ ಕೇಳಿದಳು. ಅವತ್ತು ಮಾತ್ರ ಎಲ್ಲರೂ ನಿಜವಾಗಿ ನಕ್ಕೆವು.

ಅಂತ್ಯಾಕ್ಷರಿ ಸಾಲದೆ ಒಂದು ಸಾಫ್ಟ್‌ವೇರ್ ಬಂತು. ನನ್ನ ಪರದೆಯಲ್ಲಿ ಪ್ರತಿಯೊಬ್ಬಳ ಹೆಸರಿನ ಎದುರು ಒಂದು ಚುಕ್ಕಿ. ಕೆಲಸ ಓಡುತ್ತಿದ್ದರೆ ಹಸಿರು, ನಿಧಾನವಾದರೆ ಹಳದಿ, ನಿಂತರೆ ಕೆಂಪು. ಡಿಸೆಂಬರ್ ಇಡೀ ಕೊಕ್ಕಡದ ಪ್ರಮೀಳಾಳ ಚುಕ್ಕಿ ಹಸಿರೆಂದರೆ ಹಸಿರು. ಪಾಣೆಮಂಗಳೂರಿನ ಮಿಸ್ರಿಯಾಳದ್ದು ಮಾತ್ರ ಗಳಿಗೆಗೊಮ್ಮೆ ಹಳದಿ. ಮಿಸ್ರಿಯಾ ನಮ್ಮ ಮನೆಗೆ ಒಂದೆರಡು ಸಲ ಬಂದವಳು, ಸೇತುವೆ ದಾಟಿದರೆ ಅವಳ ಮನೆ. ಚುರುಕು ಹುಡುಗಿಗೆ ಇದೇನಾಯಿತು ಅಂತ ನನಗೆ ಬೇಸರ. ಶೋಧನ್ ಸರ್ ಹೇಳಿದರೆಂದು, ನಿಮ್ಮೊಳಗಿನ ಶಕ್ತಿಯನ್ನು ಗುರುತಿಸಿಕೊಳ್ಳಿ ಅಂತ ಅವಳಿಗೊಂದು ಮೇಲ್ ಹಾಕಿದೆ. "ಆಯ್ತು ಮೇಡಂ" ಅಂತ ಉತ್ತರ ಬಂತು, ಅಷ್ಟೇ. ಜನವರಿಯಲ್ಲೂ ಹೀಗೇ ಆದರೆ ಅವಳ ಹೆಸರು ತೆಗೆಯುವ ಅಂದರು ಸರ್. ಪ್ರಮೀಳಾಳಿಗೆ ತಿಂಗಳ ಅತ್ಯುತ್ತಮ ಉದ್ಯೋಗಿ ಅಂತ ಚೌಕಟ್ಟು ಹಾಕಿದ ಸರ್ಟಿಫಿಕೇಟು, ಜೊತೆಗೊಂದು ಸ್ಟೀಲಿನ ಫ್ಲಾಸ್ಕು. ನಾನೇ ಅವಳ ಮನೆಗೆ ಹೋಗಿ ಕೊಟ್ಟು, ಫೋಟೋ ತೆಗೆದು ಕಳಿಸಬೇಕು, ಉಳಿದವರಿಗೆ ಹುಮ್ಮಸ್ಸು ಬರಲಿ ಎಂದು.

ಹೋದೆ ಅಕ್ಕ. ಉಪ್ಪಿನಂಗಡಿಯಲ್ಲಿ ಇಳಿದು ಕೊಕ್ಕಡದ ಬಸ್ಸು ಹಿಡಿದೆ. ಮನೆಯ ಜಗಲಿಯಲ್ಲಿ ಪ್ರಮೀಳಾಳ ಅತ್ತೆ ಸೇಸಮ್ಮ ಬೀಡಿ ಕಟ್ಟುತ್ತಾ ಕೂತಿದ್ದರು. ಮಡಿಲಲ್ಲಿ ನಮ್ಮ ಅಮ್ಮನದ್ದರ ಹಾಗೆಯೇ ಅಂಚು ಸವೆದ ತಡ್ಪೆ, ಆ ಮೊರದ ತುಂಬ ಎಲೆ, ಹೊಗೆಸೊಪ್ಪು, ನೂಲು. ಒಂದು ಗಳಿಗೆ ಅಲ್ಲೇ ನಿಂತುಬಿಟ್ಟೆ.

ಪ್ರಮೀಳಾ ಎಲ್ಲಿ ಅಂತ ಕೇಳಿದರೆ, "ಅವಳು ಮಂಗಳೂರು ಆಸ್ಪತ್ರೆಯಲ್ಲಿ ಅಲ್ವಾ? ಮಗು ತಿಂಗಳು ತುಂಬುವ ಮೊದ್ಲೇ ಬಂತು. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ" ಅಂದರು.

"ಮತ್ತೆ ಕೆಲಸ?"

"ಅದು ಪಾಣೆಮಂಗಳೂರಿನ ಮಿಸ್ರಿಯಾ ಬಂದು ಲ್ಯಾಪ್‌ಟಾಪ್ ಕೊಂಡು ಹೋಗಿದ್ದಾಳಲ್ಲ, ಅಲ್ಲಿಯೇ ನಡೀತಾ ಉಂಟು. ನೀವೇ ಅಲ್ವಾ ಯಜಮಾನ್ತಿ? ನಿಮಗೆ ಗೊತ್ತಿಲ್ವಾ?"

ಯಜಮಾನ್ತಿಗೆ ಗೊತ್ತಿರಲಿಲ್ಲ. ಸೇಸಮ್ಮ ಒಂಚೂರೂ ಮುಚ್ಚಿಡಲಿಲ್ಲ. ಯಾಕೆ ಹೇಳು? ಅವರ ಮಟ್ಟಿಗೆ ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇರಲಿಲ್ಲ. ಬಾಣಂತಿಯ ತಡ್ಪೆಗೆ ನಾಲ್ಕು ಜನ ಬೀಡಿ ಹಾಕುವುದು ಊರಿನಲ್ಲಿ ಮೊದಲಿನಿಂದ ನಡೆದು ಬಂದದ್ದು. ನನಗೆ ಜ್ವರ ಬಂದು ಅಮ್ಮ ಬೀಡಿ ಕಟ್ಟಲಾಗದೆ ಕೂತಾಗ ನೆರೆಯ ಹೆಂಗಸರು ಬಂದು ಅಮ್ಮನ ತಡ್ಪೆ ತುಂಬಿಸಿ ಹೋದದ್ದು ನಿನಗೆ ನೆನಪಿರಬೇಕು. ಆದರೆ ನಮ್ಮ ಕಂಪನಿಯಲ್ಲಿ ಒಬ್ಬಳ ಪಾಸ್‌ವರ್ಡಿನಲ್ಲಿ ಇನ್ನೊಬ್ಬಳು ಕೆಲಸ ಮಾಡಿದರೆ ಅದಕ್ಕೆ ಮೋಸ ಎಂದು ಹೆಸರು. ಇಬ್ಬರೂ ಅದೇ ದಿನ ಮನೆಗೆ. ಸರ್ಟಿಫಿಕೇಟು ಚೀಲದಲ್ಲಿ, ಪ್ರಾಣ ಬಾಯಿಯಲ್ಲಿ, ನಾನು ಅಲ್ಲಿಂದ ಹೊರಟೆ.

ನೆಟ್ಟಗೆ ಮಿಸ್ರಿಯಾಳ ಮನೆಗೆ ಹೋದೆ. ಬೈಯಬೇಕು ಅಂತಲೇ ಹೋದದ್ದು. ದಾರಿಯುದ್ದಕ್ಕೂ ಬೈಗುಳ ಸಜ್ಜು ಮಾಡಿಕೊಂಡಿದ್ದೆ. ಮಹಡಿ ಹತ್ತಿ ಬಾಗಿಲು ದೂಡಿದರೆ ಚಾಪೆಯ ಮೇಲೆ ಮಿಸ್ರಿಯಾ, ಎರಡು ಬಸ್ಸು ಹಿಡಿದು ಬಂದ ಶಿರ್ತಾಡಿಯ ಸಾತ್ವಿಕಾ, ಇನ್ನಿಬ್ಬರು. ಪರದೆಯಲ್ಲಿ ಕಣ್ಣು ಮೂಗು ಮಾತ್ರ ನೋಡಿದ್ದ ನನ್ನ ಹೆಂಗಸರು ಕಾಲು ಚಾಚಿಕೊಂಡು ಸಾಲಾಗಿ ಕೂತಿದ್ದಾರೆ. ಎಲ್ಲರ ಮಡಿಲಲ್ಲೂ ತಡ್ಪೆ. ತಡ್ಪೆಯ ಮೇಲೆ ಲ್ಯಾಪ್‌ಟಾಪು! ಬರಿ ತೊಡೆಗೆ ಬಿಸಿ ತಾಗುತ್ತದೆ ಅಂತ ಅವರವರ ಮನೆಯ ಹಳೆಯ ತಡ್ಪೆ ಕವುಚಿ ಇಟ್ಟುಕೊಂಡಿದ್ದರು. ನಡುವೆ ಪ್ರಮೀಳಾಳ ಲ್ಯಾಪ್‌ಟಾಪು. ಸರದಿಯ ಮೇಲೆ ಒಬ್ಬೊಬ್ಬಳು ಅದನ್ನು ಮಡಿಲಿಗೆ ಎಳೆದುಕೊಳ್ಳುವುದು. ಬೇರೆಯವರಿಗೆ ಮನೆ ಮಕ್ಕಳ ಅವಸರ ಇರುವುದರಿಂದ ಹೆಚ್ಚಿನ ಸರದಿ ಮಿಸ್ರಿಯಾಳದ್ದೇ. ಪ್ರಮೀಳಾಳ ಚುಕ್ಕಿ ಹಸಿರು ಇರುವಷ್ಟು ಹೊತ್ತು ಮಿಸ್ರಿಯಾಳದ್ದು ಹಳದಿ.

ಅಕ್ಕ, ನಾನು ಬೈಯಲಿಲ್ಲ. ಇವರನ್ನು ಒಟ್ಟುಗೂಡಿಸಬೇಕು ಅಂತ ನಾನು ವರ್ಷಗಟ್ಟಲೆ ಹಾಡಿಸಿದೆ, ಆಟ ಆಡಿಸಿದೆ, ಮೇಲ್ ಹಾಕಿದೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ! ದೇವಸ್ಥಾನದಲ್ಲಿ ನಿಂತಾಗಲೂ ನನಗೆ ಅಂಥ ಭಕ್ತಿ ಬಂದದ್ದಿಲ್ಲ, ಸುಳ್ಳು ಯಾಕೆ ಹೇಳಲಿ.

"ನನಗೆ ಒಂದು ಮಾತು ಹೇಳಬಾರದಿತ್ತಾ?" ಅಂತ ಕೇಳಿದೆ. ಮಿಸ್ರಿಯಾ ತಲೆ ಎತ್ತಲಿಲ್ಲ. "ಸೇರಿ ವರ್ಷ ಆಗದವರಿಗೆ ರಜೆ ಇಲ್ಲ, ಕೆಲಸ ನಿಂತ್ರೆ ಹೆಸರು ಹೋಗ್ತದೆ. ನಿಮಗೆ ಹೇಳಿದ್ರೆ ನೀವು ಸರ್ ಹತ್ರ ಸುಳ್ಳು ಹೇಳ್ಬೇಕಾಗ್ತದೆ ಮೇಡಂ. ನಿಮಗೆ ಸುಳ್ಳು ಹೇಳ್ಲಿಕ್ಕೆ ಬರುವುದಿಲ್ಲ, ಸಿಕ್ಕಿ ಬೀಳ್ತೀರಿ" ಅಂದಳು. ಪಕ್ಕದಲ್ಲಿದ್ದ ಸಾತ್ವಿಕಾ, "ಆಟಿಯಲ್ಲೂ ನಿಮಗೆ ಹೇಳ್ಲಿಲ್ಲ ಅಲ್ವಾ?" ಅಂದಳು. ಮಿಸ್ರಿಯಾ ಅವಳನ್ನು ಚಿವುಟಿದಳು, ಆದರೆ ಮಾತು ಹೊರಗೆ ಬಿದ್ದಾಗಿತ್ತು.

ಕಳೆದ ಮಳೆಗಾಲದ ಆಟಿ ತಿಂಗಳಲ್ಲಿ ಅಮ್ಮ ಮಲಗಿದ್ದರಲ್ಲ. ನಾನು ಲ್ಯಾಪ್‌ಟಾಪು ತೆರೆದಿಟ್ಟು ಅಮ್ಮನ ಹಾಸಿಗೆಯ ಬಳಿಯೇ ಇರುತ್ತಿದ್ದೆ. ಮಾಮೂಲಿನಲ್ಲಿ ದಿನವಿಡೀ ಅದು ಹೇಗೆ ಮೇಡಂ, ಇದು ಹೇಗೆ ಮೇಡಂ ಅಂತ ಜೀವ ತಿನ್ನುವವರು ಆಗ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ನಾನು ಕಲಿಸಿದ್ದು ಕೊನೆಗೂ ತಲೆಗೆ ಹೋಯಿತು ಅಂದುಕೊಂಡಿದ್ದೆ! ಆ ತಿಂಗಳು ನಮ್ಮ ತಂಡವೇ ಮೊದಲು ಬಂದು ನನಗೂ ಒಂದು ಸರ್ಟಿಫಿಕೇಟು ಸಿಕ್ಕಿತ್ತು, ಗೋಡೆಯಲ್ಲುಂಟು. ನನ್ನನ್ನು ಕೇಳಬೇಕಾದ್ದನ್ನೆಲ್ಲ ಅವರು ಮಿಸ್ರಿಯಾಳನ್ನು ಕೇಳುತ್ತಿದ್ದರಂತೆ. ನನ್ನ ತಡ್ಪೆಯನ್ನೂ ತುಂಬಿಸಿದ್ದಾರೆ ಅಕ್ಕ, ನನಗೇ ಗೊತ್ತಾಗದ ಹಾಗೆ.

ಕೆಳಗೆ ಇಳಿಯುವಾಗ ಮಿಸ್ರಿಯಾಳ ಅಪ್ಪ ಅಬ್ಬಾಸಾಕ ಕರೆದು ಕೂರಿಸಿದರು. ಅಮ್ಮ ಬೀಡಿ ಕೊಡುತ್ತಿದ್ದ ಬ್ರಾಂಚಿನಲ್ಲಿ ಪರೀಕ್ಷೆ ಮಾಡಿ ತೆಗೆದುಕೊಳ್ಳುತ್ತಿದ್ದ ಅದೇ ಅಬ್ಬಾಸಾಕ. ಕಟ್ಟು ಸಡಿಲ ಇದ್ದರೆ ಮುಖ ನೋಡದೆ ಬದಿಗೆ ಎಸೆಯುತ್ತಿದ್ದವರು, ಅಮ್ಮ ಅವರಿಗೆ ಹಾಕಿದ ಶಾಪಕ್ಕೆ ಲೆಕ್ಕ ಇಲ್ಲ. ಈಗ ಮೆತ್ತಗಾಗಿದ್ದಾರೆ. "ಒಂದು ತಡ್ಪೆಯಲ್ಲಿ ಎರಡು ಕೈಯ ಬೀಡಿ ಇದ್ರೆ ನನಗೆ ನೋಡಿದ ಕೂಡ್ಲೇ ಗೊತ್ತಾಗ್ತಿತ್ತು" ಅಂದರು. "ಬೀಡಿ ಸರಿ ಉಂಟಾ ಅಂತ ಮಾತ್ರ ನೋಡ್ತಿದ್ದೆ. ಕೈ ಯಾರದ್ದು ಅಂತ ಕೇಳ್ಲಿಕ್ಕೆ ಹೊರಟ್ರೆ ನಾಳೆಗೆ ಕೈಯೇ ಇರುವುದಿಲ್ಲ." ಶರಬತ್ತು ಕುಡಿಸಿ ಕಳಿಸಿದರು.

ಶೋಧನ್ ಸರ್ ಫೋಟೋ ಎಲ್ಲಿ ಅಂತ ಕೇಳಿದಾಗ ನಡೆದದ್ದೆಲ್ಲ ಹೇಳಿದೆ. ನನಗೆ ಸುಳ್ಳು ಬರುವುದಿಲ್ಲ ಎಂಬುದು ಸರಿಯೇ. ಅವರು, "ಪ್ರಮೀಳಾಳದ್ದು ಕಷ್ಟದ ವಿಷಯ, ಅವಳಿಗೆ ರಜೆ ಕೊಡಿಸುವ. ಆದ್ರೆ ಬೇರೆಯವರ ಪಾಸ್‌ವರ್ಡು ಹೆಚ್ಚು ಬಳಸಿದ್ದು ಮಿಸ್ರಿಯಾ. ಅವಳನ್ನು ಇಟ್ಟುಕೊಳ್ಳಲಿಕ್ಕೆ ಆಗುವುದಿಲ್ಲ ಮೇಡಂ. ನೀವೇ ಹೇಳಿಬಿಡಿ" ಅಂದರು.

"ಅವಳು ಹೋಗುವುದಾದ್ರೆ ನಾನೂ ಹೋಗ್ತೇನೆ ಸರ್" ಅಂದೆ. ಬೆದರಿಸಲಿಕ್ಕೆ ಹೇಳಿದ್ದಲ್ಲ. ಅವತ್ತೇ ರಾಜೀನಾಮೆ ಬರೆದು ಕಳಿಸಿದೆ. ಬಾಡಿಗೆ ಮನೆ, ಇದೊಂದೇ ಸಂಪಾದನೆ, ಯಾರದೋ ಹುಡುಗಿಗಾಗಿ ಕುರ್ಚಿ ಬಿಡುವುದಾ ಎಂದು ನೀನು ಕೇಳಬಹುದು. ಅದಕ್ಕೆ ಕಾರಣ ಇನ್ನೊಂದೂ ಉಂಟು.

ಮೊನ್ನೆ ಶುಕ್ರವಾರ ಸರ್ ನನ್ನನ್ನು ಮಂಗಳೂರಿಗೆ ಕರೆಸಿದರು. ಮೇಜಿನ ಮೇಲೆ ನನ್ನ ರಾಜೀನಾಮೆ ಇತ್ತು. ಅದನ್ನು ನನ್ನ ಕಡೆಗೇ ತಳ್ಳಿ, "ಮಿಸ್ರಿಯಾ ಇರ್ಲಿ. ನಿಮ್ಮ ಜವಾಬ್ದಾರಿ ಅಂತ ಸಹಿ ಹಾಕಿ ಕೊಡಿ. ಇನ್ನೊಮ್ಮೆ ಹೀಗಾದ್ರೆ ಇಬ್ಬರೂ ಹೋಗ್ತೀರಿ" ಅಂದರು. ಸಹಿ ಹಾಕಿದೆ. ಇನ್ನು ಮುಂದೆ ಯಾರಿಗಾದರೂ ಕಷ್ಟ ಬಂದರೆ ಅವಳ ಕೆಲಸವನ್ನು ಉಳಿದವರು ತಮ್ಮ ತಮ್ಮ ಹೆಸರಿನಲ್ಲೇ, ಎಲ್ಲರಿಗೂ ಕಾಣುವ ಹಾಗೆ ಹಂಚಿಕೊಳ್ಳಬಹುದು ಅಂತಲೂ ಒಪ್ಪಿಸಿ ಬಂದೆ. ಬಾಗಿಲ ಹತ್ತಿರ ಬಂದಾಗ ಸರ್ ಮೆಲ್ಲಗೆ, "ಶುಕ್ರವಾರದ ಅಂತ್ಯಾಕ್ಷರಿ ಅಷ್ಟು ಬೋರಾ ಮೇಡಂ?" ಅಂತ ಕೇಳಿದರು. ಪಾಪ ಅನಿಸಿತು. ಒಮ್ಮೆ ಪಾಣೆಮಂಗಳೂರಿಗೆ ಬನ್ನಿ ಸರ್ ಅಂದೆ.

ಪ್ರಮೀಳಾಳ ಮಗು ಗಾಜಿನ ಪೆಟ್ಟಿಗೆಯಿಂದ ಹೊರಗೆ ಬಂತು. ಹೆಣ್ಣು. ಅಂಗೈಯಷ್ಟು ಇದ್ದದ್ದು ಈಗ ಜೋರಾಗಿ ಅಳುತ್ತದಂತೆ. ಫ್ಲಾಸ್ಕು ಬಿಸಿನೀರಿಗೆ ಅಂತ ಆಸ್ಪತ್ರೆ ಸೇರಿತು. ಸರ್ಟಿಫಿಕೇಟು ಕೊಟ್ಟವರೂ ಇಲ್ಲ, ತೆಗೆದುಕೊಂಡವರೂ ಇಲ್ಲ, ಇನ್ನೂ ನನ್ನ ಚೀಲದಲ್ಲೇ ಉಂಟು.

ಭಾವನಿಗೆ ನಮಸ್ಕಾರ, ಅಶ್ವಿತ್‌ನಿಗೆ ಚಿಕ್ಕಮ್ಮನ ಮುದ್ದು. ಅವನು ತುಳು ಮರೆಯದ ಹಾಗೆ ನೋಡಿಕೊ. ಹೊತ್ತಿಗೆ ಸರಿಯಾಗಿ ಊಟ ಮಾಡು. ಅಮ್ಮನ ಆಶೀರ್ವಾದ ನಿನ್ನ ತಲೆಯ ಮೇಲೆ ಇದ್ದೇ ಇರುತ್ತದೆ, ನನ್ನ ನಮಸ್ಕಾರ ನಿನ್ನ ಕಾಲಿಗೆ.

ನಿನ್ನ ತಂಗಿ,
ವಿಸ್ಮಿತಾ

ಮರೆತ ಮಾತು: ಮರೆತದ್ದಲ್ಲ ಅಕ್ಕ, ಆ ಇನ್ನೊಂದು ಕಾರಣವನ್ನು ಮೇಲೆ ಬರೆಯಲು ಧೈರ್ಯ ಬರಲಿಲ್ಲ. "ಅಮ್ಮ ಕೊನೆಗೆ ನನ್ನನ್ನು ಕೇಳಿದರಾ" ಅಂತ ನೀನು ಪ್ರತಿ ಸಲ ಕೇಳುತ್ತೀ. ಕೊನೆಗೆ ಅವರಿಗೆ ಮಾತೇ ಇರಲಿಲ್ಲ ಅಂತ ನಾನು ಪ್ರತಿ ಸಲ ಹೇಳುತ್ತೇನೆ. ಮಾತು ಇತ್ತು. ನಿನ್ನನ್ನೇ ಕೇಳುತ್ತಿದ್ದರು. ಗೇಟು ಸದ್ದಾದರೆ ಸಾಕು, "ಸುಪ್ರೀತಾ ಬತ್ತಲಾ?" ಅನ್ನುತ್ತಿದ್ದರು, ಬಂದಳಾ ಅಂತ. ರಜೆ ಸಿಗದೆ ಅಲ್ಲಿ ಒದ್ದಾಡುತ್ತಿದ್ದ ನಿನಗೆ ಅದನ್ನು ಹೇಗೆ ಹೇಳಲಿ? ರಜೆ ಸಿಕ್ಕಿ ನೀನು ಬರುವಾಗ ಉತ್ತರಕ್ರಿಯೆಯೇ ನಡೆಯುತ್ತಿತ್ತು.

ಅಮ್ಮ ಹೋಗುವ ಹಿಂದಿನ ದಿನ ಮಿಸ್ರಿಯಾ ನೋಡಲು ಬಂದಿದ್ದಳು. ಅಮ್ಮನಿಗೆ ಆಗ ಕಣ್ಣು ಕಾಣುತ್ತಿರಲಿಲ್ಲ. ಹೆಜ್ಜೆಯ ಸದ್ದಿಗೆ ಕೈ ಚಾಚಿ, "ಸುಪ್ರೀತಾ, ಬತ್ತನಾ?" ಅಂದರು. ಅಲ್ಲಮ್ಮ ಅಂತ ಹೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಮಿಸ್ರಿಯಾ ಆ ಕೈ ಹಿಡಿದು, "ಅಂದಮ್ಮಾ, ಬತ್ತೆ" ಅಂದಳು. ಹೌದಮ್ಮ, ಬಂದೆ ಅಂತ. ಅಮ್ಮ ಅವಳನ್ನು ಹತ್ತಿರ ಎಳೆದುಕೊಂಡು ಕಿವಿಯಲ್ಲಿ ಏನೇನೋ ಹೇಳಿದರು. ನಾನು ಬಾಗಿಲಲ್ಲೇ ನಿಂತೆ, ನನಗೆ ಕೇಳಲಿಲ್ಲ. ಆಮೇಲೆ ಗೇಟು ಸದ್ದಾದರೂ ಅಮ್ಮ ಯಾರನ್ನೂ ಕೇಳಲಿಲ್ಲ.

ಮೊನ್ನೆ ಮಹಡಿಯಿಂದ ಇಳಿಯುವ ಮೊದಲು, ಅವತ್ತು ಅಮ್ಮ ಏನು ಹೇಳಿದರು ಅಂತ ಮಿಸ್ರಿಯಾಳನ್ನು ಕೇಳಿದೆ. ಮೇಡಂ ಅನ್ನುವವಳು ಆಗ ಮಾತ್ರ ಅಕ್ಕ ಅಂದಳು. "ಅದು ನನಗೆ ಹೇಳಿದ್ದಲ್ಲ, ನಿಮಗೂ ಹೇಳಿದ್ದಲ್ಲ ವಿಸ್ಮಿತಕ್ಕ. ಸುಪ್ರೀತಕ್ಕನಿಗೆ ಹೇಳಿದ್ದು. ಒಂದು ಅಕ್ಷರ ಬಿಡದೆ ಇಟ್ಟುಕೊಂಡಿದ್ದೇನೆ. ಅವರು ಬರ್ಲಿ, ಅವರಿಗೇ ಕೊಡ್ತೇನೆ."

ಅಜ್ಮಲ್ ಅವಳ ಅಣ್ಣ. ಅವನಿಗೂ ಅವಳು ಹೇಳಿಲ್ಲ, ಕೇಳಬೇಡ. ಏಪ್ರಿಲಿನಲ್ಲಿ ಬರುವಾಗ ನನ್ನ ಮನೆಗೆ ಆಮೇಲೆ ಬಾ ಅಕ್ಕ. ಮೊದಲು ಪಾಣೆಮಂಗಳೂರಿಗೆ ಹೋಗು.