ಕುರಿಯ ಗರ್ಭಕೋಶ ಕಲಿಸಿದ್ದು

ಮಾರ್ಚ್ ೧೨, ಗುರುವಾರ

ನನ್ನ ಪಿಟೀಲಿಗೆ,

ಇಪ್ಪತ್ತೆಂಟು ವರ್ಷದವಳನ್ನು ಇನ್ನೂ ಹಾಗೆ ಕರೆಯಬೇಡ ಎನ್ನುತ್ತೀಯ. ಹುಟ್ಟಿದಾಗ ಇಡೀ ಆಸ್ಪತ್ರೆಗೆ ಕೇಳುವಂತೆ ಅತ್ತವಳಿಗೆ ನಿನ್ನಪ್ಪ ಇಟ್ಟ ಹೆಸರು; ನನ್ನ ಬಾಯಿಗೆ ಬೇರೆ ಬರುವುದಿಲ್ಲ. ಮುಟ್ಟಿನ ಹೊಟ್ಟೆನೋವೆಂದು ಮತ್ತೆ ಎರಡು ದಿನ ರಜೆ ಹಾಕಿದೆಯೆಂದು ನಿನ್ನಣ್ಣ ಹೇಳಿದ. ನನಗೆ ನೀನು ಹೇಳುವುದಿಲ್ಲ. ಯಾಕೆಂದು ಗೊತ್ತು.

ಪ್ರಯೋಗಾಲಯದಲ್ಲಿ ಹದಿನಾರು ವರ್ಷದಿಂದ ಗಾಜಿನ ಸಾಮಾನು ತೊಳೆಯುತ್ತಿದ್ದರೂ ಅಲ್ಲಿ ಏನು ನಡೆಯುತ್ತದೆಂದು ಕೇಳಿದವಳಲ್ಲ ನಾನು. ಸೋಮವಾರ ಸಹಾಯಕಿ ಬರಲಿಲ್ಲ. ಡಾಕ್ಟರಮ್ಮ ನನ್ನನ್ನೇ ಪರದೆಯ ಮುಂದೆ ಕೂರಿಸಿ ಅಂಕಿ ಬರೆದುಕೊಳ್ಳಲು ಹೇಳಿದರು. ಮಂಪರು ಕೊಟ್ಟು ಮಲಗಿಸಿದ ಕುರಿಯ ಗರ್ಭಕೋಶಕ್ಕೆ ಹರಿಯುವ ರಕ್ತವನ್ನು ಅಳೆಯುವ ಕೆಲಸ. ಅವರು ಅದರ ರಕ್ತನಾಳಕ್ಕೆ ಎರಡು ಹನಿ ಏನನ್ನೋ ಬಿಟ್ಟರು. ನಲವತ್ತರ ಆಸುಪಾಸಿನಲ್ಲಿದ್ದ ಅಂಕಿ ನೋಡನೋಡುತ್ತಲೇ ಹನ್ನೆರಡಕ್ಕೆ ಕುಸಿಯಿತು. ನನಗೆ ಗಾಬರಿಯಾಯಿತು.

"ವಿಷ ಏನಲ್ಲಮ್ಮ, ಗರ್ಭಕೋಶ ತಾನೇ ಮಾಡ್ಕೊಳ್ಳೋ ರಸ," ಎಂದರು. ಪ್ರೋಸ್ಟಗ್ಲಾಂಡಿನ್ ಅಂತೆ. ಅಲ್ಲೇ ಹುಟ್ಟಿ ಅಲ್ಲೇ ಕೆಲಸ ಮಾಡುತ್ತದಂತೆ. ರಕ್ತನಾಳವನ್ನು ಹಿಗ್ಗಿಸುವ ಬಗೆಯೂ ಉಂಟು, ಬಿಗಿಯುವ ಬಗೆಯೂ ಉಂಟು. ಮುಟ್ಟಿನ ದಿನಗಳಲ್ಲಿ ಕೆಲವರಿಗೆ ಬಿಗಿಯುವುದೇ ಜಾಸ್ತಿ.

"ಆಗ ನೋವಾಗುತ್ತಾ?" ಎಂದೆ.

"ರಕ್ತ ಸಿಗದ ಸ್ನಾಯು ಸುಮ್ನಿರುತ್ತಾ? ಹೃದಯಕ್ಕೆ ಸಿಗದಿದ್ರೆ ಎದೆ ಹಿಡ್ಕೊಳ್ಳಲ್ವಾ, ಹಾಗೇ."

ಪೆನ್ನು ಕೆಳಗಿಟ್ಟೆ. ಹತ್ತನೇ ತರಗತಿಯ ಪರೀಕ್ಷೆಯಲ್ಲಿ ನೀನು ಹೊಟ್ಟೆ ಹಿಡಿದುಕೊಂಡು ಬೆಂಚಿನಿಂದ ಜಾರಿ ಬಿದ್ದೆ. ಶಾಲೆಯವರು ಕರೆದರೆಂದು ಓಡಿ ಬಂದ ನಾನು ಎಲ್ಲರೆದುರು, "ನಾಟಕ ಸಾಕು, ಎದ್ದು ಬರಿ," ಎಂದೆ. ನೀನು ಎದ್ದು ಬರೆದೆ. ಅಂದಿನಿಂದ ನನ್ನೆದುರು ಒಮ್ಮೆಯೂ ನರಳಲಿಲ್ಲ. ಮಗಳು ಗಟ್ಟಿಯಾದಳೆಂದು ಹೆಮ್ಮೆಪಟ್ಟೆ, ಪೆದ್ದಿ ನಾನು.

ತಪ್ಪಾಯ್ತು ಕಂದಾ. ನೀನು ನಾಟಕ ಮಾಡಲಿಲ್ಲ.

ಆ ರಸ ಹುಟ್ಟುವುದನ್ನೇ ತಡೆಯುವ ಮಾತ್ರೆ ಇದೆಯಂತೆ. ವೈದ್ಯರನ್ನು ಕೇಳಿ, ನೋವು ಏರುವ ಮುಂಚೆಯೇ ತೆಗೆದುಕೊಳ್ಳಬೇಕಂತೆ. ನೋವು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದರೆ ಸ್ಕ್ಯಾನ್ ಮಾಡಿಸಲೇಬೇಕಂತೆ. ಶನಿವಾರ ಬರುತ್ತೇನೆ, ಜೊತೆಗೆ ಹೋಗೋಣ. ಒಳಗೆ ನಾನು ಬೇಡವೆಂದರೆ ಹೊರಗೆ ಕುರ್ಚಿಯಲ್ಲಿ ಕೂತಿರುತ್ತೇನೆ.

ನಿನ್ನ
ಅಮ್ಮ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಡಿಸಿದ್ದೇನೆ. ನನಗೂ ಅದೇ ನೋವಿತ್ತು. ನೋವಿನ ಮಾತ್ರೆ ಅಭ್ಯಾಸವಾಗಿಬಿಡುತ್ತದೆಂದು ನಿನಗೆ ಒಂದನ್ನೂ ಕೊಡಲಿಲ್ಲ. ಅವತ್ತು ನಿನ್ನ ಶಾಲೆಗೆ ಬರುವ ದಾರಿಯಲ್ಲಿ ನಾನು ಒಂದು ನುಂಗಿದ್ದೆ.