ಮುನಿ ಇಲ್ಲದ ಹೆಸರು

ಜನವರಿ 12, ಸೋಮವಾರ

ಸಿ.ವಿ. ರಾಮನ್ ನಗರದಲ್ಲಿ ಎರಡು ಲಿಫ್ಟ್ ಸರ್ವೀಸ್. ವಾಪಸ್ ಬರುವಾಗ ಟಿನ್ ಫ್ಯಾಕ್ಟರಿ ಹತ್ತಿರ ಮಾಮೂಲಿ ಜಾಮ್. ಗಾಡಿ ನಿಂತರೆ ಸಾಕು, ನಿನ್ನೆಯದೇ ನೆನಪು.

ನಿನ್ನೆ ಮನೆಯಲ್ಲಿ ಮುನೇಶ್ವರನ ಪೂಜೆ. ಹೆಂಡತಿ ಧನಲಕ್ಷ್ಮಿಗೆ ಈಗ ಆರು ತಿಂಗಳು. ಹುಟ್ಟುವ ಮಗುವಿನ ಹೆಸರಿನ ಮಾತು ಬಂತು. ಅಪ್ಪ ಮುನಿವೆಂಕಟಪ್ಪ, ಅಮ್ಮ ಮುನಿಗಂಗಮ್ಮ, ತಮ್ಮ ಮುನೀಂದ್ರ. ದೇವರ ಹೆಸರು ತಪ್ಪಿದ್ದು ನನ್ನೊಬ್ಬನಿಗೆ — ವಸಂತ್. ಆಗಿನ ಫ್ಯಾಷನ್ ಅಂತ ಅಮ್ಮ ಹೇಳುತ್ತಿದ್ದಳು, ನಂಬಿದ್ದೆ.

ಅಪ್ಪನ ಅಕ್ಕ ಯಂಕಮ್ಮತ್ತೆ ಎಲೆ ಅಡಿಕೆ ಅಗಿಯುತ್ತ, “ಇವ್ನಿಗೇ ಇಕ್ಕಿಲ್ಲ, ಇವ್ನ್ ಮಗೀಗ್ ಯಾಕೆ ಮುನಿ?” ಅಂದರು. ಅಮ್ಮ ತಕ್ಷಣ, “ಪಾಯಸ ತಳ ಹಿಡೀತೈತೇನೋ ನೋಡಕ್ಕಾ” ಅಂದಳು.

ಪಾಯಸ ಆಗಲೇ ಬಡಿಸಿ ಆಗಿತ್ತು.

ಜನವರಿ 20

ಎಲ್ಲರೂ ಏನೋ ಮುಚ್ಚಿಡುತ್ತಿದ್ದಾರೆ. ಕನ್ನಡಿಯಲ್ಲಿ ಮೂಗು ನೋಡಿಕೊಂಡೆ. ಮುನೀಂದ್ರನದು ಅಪ್ಪನ ಮೂಗು. ನನ್ನದು ಯಾರದು? ನಾನು ಒಳಗೆ ಬಂದರೆ ಮಾತು ನಿಲ್ಲುತ್ತದೆ... ಅಥವಾ ನನಗೇ ಹಾಗನ್ನಿಸುತ್ತದೆ.

“ಹೆಸ್ರಲ್ಲಿ ಮುನಿ ಇಲ್ದಿದ್ರೇನ್ರೀ, ಮುಖದ್ ತುಂಬಾ ಮುನಿಸಿದ್ಯಲ್ಲ” ಅಂದಳು ಧನಲಕ್ಷ್ಮಿ. ನನಗೆ ನಗು ಬರಲಿಲ್ಲ. ಇವಳಿಗೂ ಗೊತ್ತಿರಬಹುದು.

ಜನವರಿ 31, ಶನಿವಾರ

ಬೆನ್ಸನ್ ಟೌನ್. ಕೌನ್ಸೆಲರ್ ಹಮೀದಾ ಮೇಡಂ. ಮನೆಯಲ್ಲಿ ಹೇಳದೆ ಹೋಗಿದ್ದೆ.

“ಏನ್ ತೊಂದ್ರೆ?”

“ಇನ್ನೂ ಏನಿಲ್ಲ ಮೇಡಂ. ಬರೋಕ್ ಮುಂಚೆ ಬಂದಿದೀನಿ. ಲಿಫ್ಟ್ ನಿಂತ್ಮೇಲೆ ಹೋದ್ರೆ ಬ್ರೇಕ್‌ಡೌನ್, ಮುಂಚೆ ಹೋದ್ರೆ ಸರ್ವೀಸ್. ಏಪ್ರಿಲ್‌ಗೆ ಮಗು ಬರುತ್ತೆ. ಅಷ್ಟರಲ್ಲಿ ಈ ಅನುಮಾನ ಹೋಗ್ಬೇಕು. ಇಲ್ಲಾಂದ್ರೆ ಅದನ್ನೂ ಹೀಗೇ ನೋಡ್ತೀನಿ.”

ಅವರು ಏನೂ ಬರೆದುಕೊಳ್ಳಲಿಲ್ಲ. ಬರೆದುಕೊಳ್ಳದವರನ್ನು ನಂಬುವುದು ಹೇಗೆ? ಇಷ್ಟನ್ನೂ ಯಾರಿಗೆ ಹೇಳಲು ನೆನಪಿಟ್ಟುಕೊಳ್ಳುತ್ತಾರೆ?

ಹೊರಡುವಾಗ ಕೇಳಿದರು, “ಎಲ್ಲರ ಮುಖಾನೂ ನೋಡಿದೀರ. ಯಾರನ್ನಾದ್ರೂ ಬಾಯ್ಬಿಟ್ಟು ಕೇಳಿದ್ರಾ?”

ಕೇಳಿಲ್ಲ. ಭಯ.

ಫೆಬ್ರವರಿ 22, ಭಾನುವಾರ

ಕೇಳಿಬಿಟ್ಟೆ. ಅಮ್ಮ ಅವರೆಕಾಯಿ ಸುಲಿಯುತ್ತಿದ್ದಳು.

“ನಾನ್ ನಿನ್ ಮಗನೇನಾ?”

ಅಮ್ಮ ಸುಲಿಯುವುದನ್ನು ನಿಲ್ಲಿಸಲಿಲ್ಲ. “ಹಿಂದಿನ್ ಮನೇಲಿ ಬಾಡಿಗೇಗಿದ್ಲು, ಸೆಲ್ವಿ ಅಂತ. ಗಂಡ ಬಿಟ್ಟೋಗಿದ್ದ. ನಿಂಗಿನ್ನೂ ಹಾಲ್ ಕುಡಿಯೋ ವಯ್ಸು, ಅವ್ಳಿಗೆ ಕಾಮಾಲೆ ಬಂತು. ಉಳೀಲಿಲ್ಲ. ನಾನ್ ಎತ್ಕೊಂಡೆ.”

“ಮತ್ತೆ ಮುನಿ ಅಂತ ಯಾಕ್ ಇಡ್ಲಿಲ್ಲ?”

“ವಸಂತ ಅಂತ ಅವ್ಳು ಕರೀತಿದ್ಲು. ಅವ್ಳು ನಿಂಗ್ ಬಿಟ್ಟೋಗಿದ್ದು ಅದೊಂದೇ ಕಣಪ್ಪ. ಅದ್ನೂ ಕಿತ್ಕೊಳ್ಳಾಕೆ ಮನ್ಸಾಗ್ಲಿಲ್ಲ.”

ಇಷ್ಟು ವರ್ಷ ಮುಚ್ಚಿಟ್ಟಿದ್ದಕ್ಕೆ ಸಿಟ್ಟು ಬಂತು. ಅಳುವೂ ಬಂತು. ಯಾವುದು ಮೊದಲು ಬಂತೋ ಗೊತ್ತಿಲ್ಲ. ಕೂತು ಅರ್ಧ ಬುಟ್ಟಿ ನಾನೂ ಸುಲಿದೆ.

ಮಾರ್ಚ್ 7

ಹಮೀದಾ ಮೇಡಂ ಹತ್ತಿರ ಬರೀ ಅಳುವುದೇ ಆಯಿತು. ಈ ಸಲವೂ ಅವರು ಏನೂ ಬರೆದುಕೊಳ್ಳಲಿಲ್ಲ. ಒಳ್ಳೆಯದಾಯಿತು.

ಏಪ್ರಿಲ್ 19, ಭಾನುವಾರ

ಹೆಣ್ಣು ಮಗು, ಹುಟ್ಟಿ ಹತ್ತು ದಿನವಾಯಿತು. ನಾಳೆ ನಾಮಕರಣ. ಅಪ್ಪ ತೊಟ್ಟಿಲು ಒರೆಸುತ್ತ, ನನ್ನ ಕಡೆ ನೋಡದೆ, “ಹೆಸ್ರು ನೀನೇ ಇಡು. ಮುನಿ ಸೇರಿಸ್ಲೇಬೇಕು ಅಂತೇನಿಲ್ಲ” ಅಂದರು.

ತಟ್ಟನೆ ಅನುಮಾನ. ನನ್ನ ಮಗಳೂ ಹೊರಗಿನವಳಾ? ಮೊದಲಾಗಿದ್ದರೆ ಎದ್ದು ಹೋಗಿ ವಾರಗಟ್ಟಲೆ ಒಳಗೊಳಗೇ ಬೇಯುತ್ತಿದ್ದೆ. ಈ ಸಲ ಕೇಳಿದೆ.

“ಯಾಕಪ್ಪ, ಸೇರಿಸ್ಬಾರ್ದಾ?”

ಒರೆಸುವ ಕೈ ನಿಂತಿತು. “ಸೇರಿಸ್ತೀಯೇನಪ್ಪ? ಎಲ್ಲಾ ಗೊತ್ತಾದ್ಮೇಲೆ ನಮ್ ದ್ಯಾವ್ರು ಬ್ಯಾಡ ಅಂತೀಯೇನೋ ಅಂತ... ನಂಗ್ ನಿದ್ದೇನೇ ಇಲ್ಲ.”

ಅನುಮಾನ ಅವರಿಗೂ ಇತ್ತು.

ಮಗು ಎದ್ದು ಅಳುತ್ತಿದೆ, ಹೋಗಬೇಕು. ನಾಳೆ ಕಿವಿಯಲ್ಲಿ ಹೇಳುವ ಹೆಸರು ಇನ್ನೂ ಯಾರಿಗೂ ಹೇಳಿಲ್ಲ. ಮೊದಲು ಇಲ್ಲಿ ಬರೆದಿಡುತ್ತೇನೆ. ಮುನಿಸೆಲ್—